ಹದಿನೇಳನೇ ಅಧ್ಯಾಯದ ಕೆಮ್ಮು

ಮಂಗಳವಾರ ರಾತ್ರಿ ಪಾತ್ರೆ ತೊಳೆಯುತ್ತಿದ್ದೆ. ಕಿವಿಯಲ್ಲಿ 14 ಗಂಟೆಯ ಕಾದಂಬರಿಯೊಂದರ ಒಂಬತ್ತನೇ ಗಂಟೆ ನಡೆದಿತ್ತು. ಹೆಂಡತಿ ತೀರಿಕೊಂಡ ಮೇಲೆ ಮುದುಕ ಮೊದಲ ಸಲ ಅವಳ ಮೇಜು ಚೊಕ್ಕ ಮಾಡಲು ಕೂರುತ್ತಾನೆ. ಪೆನ್ನು, ಮಾತ್ರೆಯ ಡಬ್ಬಿ, ಹಳೇ ರಸೀದಿಗಳು. ಆಮೇಲೆ ಅವಳ ಕನ್ನಡಕ. ಓದುತ್ತಿದ್ದವರು ಕನ್ನಡಕದ ತನಕ ಬಂದರು, ‘ಎತ್ತಿಕೊಂಡು’ ಅಂದರು, ನಿಂತುಬಿಟ್ಟರು.

ಫೋನ್ ಹ್ಯಾಂಗ್ ಆಯಿತು ಅಂದುಕೊಂಡೆ. ಸೋಪಿನ ಕೈ, ಮುಟ್ಟುವ ಹಾಗಿಲ್ಲ. ಅಷ್ಟರಲ್ಲಿ ಒಂದು ಕೆಮ್ಮು, ಸಣ್ಣದು. ‘ಸಾರಿ, ಇನ್ನೊಂದ್ಸಲ.’ ಗುಟುಕು ನೀರು ಇಳಿದ ಸದ್ದು. ಒಂದು ಚಿಟಿಕೆ. ಆಮೇಲೆ ಅದೇ ವಾಕ್ಯ ಮೊದಲಿನಿಂದ, ಒಂದು ಸುಕ್ಕೂ ಇಲ್ಲದೆ, ಇಸ್ತ್ರಿ ಹಾಕಿದ ಹಾಗೆ.

ಒಟ್ಟು 13 ಸೆಕೆಂಡು. ಕೈ ಒರೆಸಿಕೊಂಡು ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಮತ್ತೆ. ಉಳಿದ ಪಾತ್ರೆ ಬೆಳಗಿನವರೆಗೂ ಸಿಂಕಿನಲ್ಲೇ ಇದ್ದವು.

ಇದು ಎಡಿಟಿಂಗ್ ತಪ್ಪು ಅಂತ ನನಗೂ ಗೊತ್ತು. ಆಡಿಯೋ ಪುಸ್ತಕ ಓದುವವರು ತಪ್ಪಿದರೆ ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ರೆಕಾರ್ಡಿಂಗನ್ನು ಒಂದೆರಡು ಮಾತಿನಷ್ಟು ಹಿಂದಕ್ಕೆ ಓಡಿಸಿ, ತಮ್ಮ ದನಿಯನ್ನೇ ಕೇಳಿಸಿಕೊಳ್ಳುತ್ತಾ ತಪ್ಪಿದ ಜಾಗ ಬಂದ ಕೂಡಲೇ ಅದರ ಮೇಲೆಯೇ ಹೊಸದಾಗಿ ಓದುತ್ತಾರೆ. ಪಂಚ್ ಆ್ಯಂಡ್ ರೋಲ್ ಅನ್ನುವುದು ಇದಕ್ಕೇ. ಇಲ್ಲವೇ ಏನನ್ನೂ ನಿಲ್ಲಿಸದೆ ವಾಕ್ಯವನ್ನು ಇನ್ನೊಮ್ಮೆ ಹೇಳಿ ಮುಂದೆ ಹೋಗುತ್ತಾರೆ, ತಪ್ಪಿದ್ದೆಲ್ಲಿ ಅನ್ನುವ ಗುರುತಿಗೆ ಒಂದು ಚಪ್ಪಾಳೆಯನ್ನೋ ಚಿಟಿಕೆಯನ್ನೋ ಬಿಟ್ಟು. ಕಂಪ್ಯೂಟರಿನ ಪರದೆಯಲ್ಲಿ ದನಿಯ ಅಲೆಗಳ ನಡುವೆ ಆ ಚಿಟಿಕೆ ಮೊಳೆ ಹೊಡೆದಂತೆ ಎದ್ದು ಕಾಣುತ್ತದೆ. ಎಡಿಟರ್ ಮೊಳೆ ನೋಡಿ ಹಿಂದಿನದ್ದನ್ನು ಕತ್ತರಿಸಬೇಕು. ಈ ಎಡಿಟರ್‌ಗೆ ಮೊಳೆ ಕಾಣಲಿಲ್ಲ. ಅವರ ನಂತರ ಇಡೀ ಪುಸ್ತಕ ಕೇಳಿ ತಪ್ಪು ಹಿಡಿಯಬೇಕಾದವರೊಬ್ಬರು ಇರುತ್ತಾರೆ, ಅವರೂ ಬಹುಶಃ ಪಾತ್ರೆ ತೊಳೆಯುತ್ತಿದ್ದರು. ಇಬ್ಬರಿಗೂ ನನ್ನ ನಮಸ್ಕಾರ.

ಯಾಕೆಂದರೆ ನನ್ನ ಕಿವಿಗೆ ಸರಿಯಾದ ಓದು ಮೊದಲನೆಯದೇ.

ಕನ್ನಡದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ವಾಕ್ಯದ ಕೊನೆಗೆ. ಕನ್ನಡಕ ಎತ್ತಿಕೊಂಡ ಮುದುಕ ಅದನ್ನು ಒರೆಸಿದನೋ, ಎಸೆದನೋ, ತಾನೇ ಹಾಕಿಕೊಂಡು ನೋಡಿದನೋ, ಕೊನೆಯ ಪದ ಬೀಳುವ ತನಕ ಗೊತ್ತಾಗುವುದಿಲ್ಲ. ಗಟ್ಟಿಯಾಗಿ ಓದುವವರಿಗೆ ಇದೇ ಕಷ್ಟ, ಇದೇ ಸುಖ. ಉಸಿರನ್ನು ವಾಕ್ಯದ ಬಾಲದವರೆಗೂ ಕಾಪಾಡಿಕೊಳ್ಳಬೇಕು. ಅರ್ಧಕ್ಕರ್ಧ ಮಂದಿ ನಡುವೆಯೇ ಖರ್ಚು ಮಾಡಿಕೊಂಡು, ಕೊನೆಗೆ ಬರುವಾಗ ದನಿಯನ್ನು ಗುಂಡಿಗೆ ಇಳಿಸಿಬಿಡುತ್ತಾರೆ. ‘ಇಲ್ಲ’ ಅನ್ನುವುದು ಕೇಳಿಸದೆ, ಸತ್ತಿಲ್ಲದವನು ಸತ್ತ ಅಂದುಕೊಂಡು ನಾನು ಎರಡು ಅಧ್ಯಾಯ ಮುಂದೆ ಹೋಗಿದ್ದುಂಟು. ಈ ಕಾದಂಬರಿ ಓದಿದವರು ಆ ಜಾತಿಯಲ್ಲ. ಒಂಬತ್ತು ಗಂಟೆಯಲ್ಲಿ ಅವರು ಒಂದು ಕ್ರಿಯಾಪದವನ್ನೂ ಕೈಬಿಟ್ಟಿರಲಿಲ್ಲ. ಇಲ್ಲಿ ಮಾತ್ರ ಅದು ಬರಲೇ ಇಲ್ಲ. ಮುದುಕನ ಕೈಯಲ್ಲಿ ಕನ್ನಡಕ ಹಾಗೇ ಉಳಿಯಿತು. ಎರಡನೇ ಸಲಕ್ಕೆ ಬಂತು: ಮಡಿಚಿ ಡಬ್ಬಿಯಲ್ಲಿಟ್ಟ. ಅಲ್ಲಿಗೆ ಕೆಲಸ ಮುಗಿಯಿತು, ದುಃಖವೂ ಮುಗಿಯಿತು.

ನಾನೇನೂ ಉದಾರ ಮನಸ್ಸಿನ ಕೇಳುಗನಲ್ಲ ಅಂತ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮೊದಲ ಐದು ನಿಮಿಷದಲ್ಲೇ ಎಷ್ಟೋ ಪುಸ್ತಕ ಅಳಿಸಿದ್ದೇನೆ. ‘ಕತ್ತಲು’ ಅಂತ ಬಂದ ಕೂಡಲೇ ಪಿಸುಗುಟ್ಟುವವರು, ‘ಓಡಿದ’ ಅಂದಾಗ ತಾವೂ ಏದುಸಿರು ಬಿಡುವವರು ನನಗಾಗದು. ಗಂಡಸರು ಹೆಣ್ಣಿನ ಮಾತಿಗೆ ದನಿ ಕೀರಲು ಮಾಡಿದರೆ ಇಯರ್‌ಫೋನ್ ಕಿತ್ತೆಸೆಯುವ ಹಾಗಾಗುತ್ತದೆ. ದನಿ ಬದಲಿಸದೆ ವೇಗವನ್ನು ತುಸು ಬದಲಿಸಿದರೂ ಸಾಕು, ಮಾತಾಡಿದ್ದು ಬೇರೆಯವರು ಅಂತ ಕಿವಿಗೆ ತಿಳಿಯುತ್ತದೆ. ದಾಖಲೆಗಳಿವೆ, ಗೊತ್ತು. ಜಿಮ್ ಡೇಲ್ ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕಕ್ಕೆ 134 ದನಿ ಕೊಟ್ಟು ಗಿನ್ನೆಸ್ ಸೇರಿದರು; ರಾಯ್ ಡಾಟ್ರಿಸ್ ‘ಗೇಮ್ ಆಫ್ ಥ್ರೋನ್ಸ್’ಗೆ 224 ಕೊಟ್ಟು ಅದನ್ನೂ ಮೀರಿಸಿದರು. ಅಂಥವರ ಕೈಯಲ್ಲಿ ಅದೊಂದು ವಿದ್ಯೆ. ಅದನ್ನು ಕೇಳಿ ಉಳಿದವರೂ ಹೊರಟರಲ್ಲ, ಅಲ್ಲಿ ಶುರುವಾಯಿತು ನಮ್ಮ ಪಾಡು.

ಹಿನ್ನೆಲೆ ಸಂಗೀತದ ಬಗ್ಗೆ ಮಾತಾಡುವುದಿಲ್ಲ, ಬಿಪಿ ಏರುತ್ತದೆ. ಲೇಖಕರು ತಮ್ಮ ಪುಸ್ತಕ ತಾವೇ ಓದುವುದು ಆತ್ಮಕಥೆಗಾದರೆ ಸರಿ. ಕಾದಂಬರಿಗೆ ಬೇಡ, ತಮ್ಮ ಒಳ್ಳೇ ವಾಕ್ಯ ಯಾವುದು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ, ಅಲ್ಲಿಗೆ ಬರುವ ಮುಂಚೆ ಒಂದು ಸಣ್ಣ ತಯಾರಿ ಕೇಳಿಸುತ್ತದೆ. ಇದಕ್ಕಿಂತ ಲಿಬ್ರಿವಾಕ್ಸ್‌ನ ಸ್ವಯಂಸೇವಕರೇ ವಾಸಿ. 2005ರಲ್ಲಿ ಶುರುವಾದ ಆ ಯೋಜನೆಯಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಯಾರು ಬೇಕಾದರೂ ಓದಿ ಹಾಕಬಹುದು. ಎಷ್ಟೋ ಪುಸ್ತಕಗಳಲ್ಲಿ ಒಂದೊಂದು ಅಧ್ಯಾಯಕ್ಕೆ ಒಂದೊಂದು ದನಿ. ಮೂರನೆಯದರಲ್ಲಿ ದೂರದಲ್ಲಿ ನಾಯಿ ಬೊಗಳುತ್ತದೆ, ನಾಲ್ಕನೆಯದರಲ್ಲಿ ಓದುವವರಿಗೆ ನಾಯಕಿಯ ಹೆಸರು ಉಚ್ಚರಿಸಲು ಬರುವುದಿಲ್ಲ. ಆದರೂ ಯಾರೋ ಕೂತು ಓದುತ್ತಿದ್ದಾರೆ ಅನ್ನಿಸುತ್ತದೆ. ಸ್ಟುಡಿಯೋದ ನಯವಾದ ಓದಿನಲ್ಲಿ ಎಷ್ಟೋ ಸಲ ಹಾಗೆ ಅನ್ನಿಸುವುದೇ ಇಲ್ಲ.

ಹೋಗಲಿ, ಕನ್ನಡಕಕ್ಕೆ ಬರುತ್ತೇನೆ. ಆ 13 ಸೆಕೆಂಡನ್ನು ಕತ್ತರಿಸಿ ಕಾಲೇಜಿನ ಗೆಳೆಯನಿಗೆ ಕಳಿಸಿದೆ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣದು. ನನ್ನ ಹಾಗೆ ಮನೆಗೆಲಸದ ನಡುವೆ ಪುಸ್ತಕ ಕೇಳುವವನಲ್ಲ, ಓದುವುದೆಂದರೇ ಅವನಿಗೆ ಕೇಳುವುದು. ಜೊತೆಗೆ ಉದ್ದದ್ದೊಂದು ವಾಯ್ಸ್ ಮೆಸೇಜನ್ನೂ ಹಾಕಿದೆ: ನೋಡು, ಆ ಮನುಷ್ಯನಿಗೆ ಗಂಟಲು ಕಟ್ಟಿಬಿಟ್ಟಿದೆ, ಅಳು ಬಂದಿದೆ, ಎಲ್ಲಾ ಪುಸ್ತಕಗಳನ್ನೂ ಹೀಗೇ ಬಿಡಬೇಕು, ಇತ್ಯಾದಿ.

ಹತ್ತು ನಿಮಿಷಕ್ಕೆ ಉತ್ತರ ಬಂತು.

‘ಅಳು ಅಂತ ಯಾಕೋ ಅಂದ್ಕೊಂಡೆ? ಗಂಟಲಲ್ಲಿ ಕಫ ಸಿಕ್ಕಿರ್ಬೇಕು.’

ಸಿಟ್ಟು ಬಂತು. ಫೋನ್ ಮಾಡಿದೆ. ಕಫವಾದರೆ ಸರಿಯಾಗಿ ಕನ್ನಡಕದ ಹತ್ತಿರವೇ ಯಾಕೆ ಬರಬೇಕು ಅಂದೆ.

‘ಎಲ್ಲಿ ಬಂದಿದ್ರೂ ನೀನು ಹೀಗೇ ಕೇಳ್ತಿದ್ದೆ. ರಸೀದಿ ಹತ್ರ ಬಂದಿದ್ರೆ ರಸೀದಿಗೂ ಒಂದು ದುಃಖ ಹುಡುಕ್ತಿದ್ದೆ.’ ಆಮೇಲೆ ಕೇಳಿದ, ‘ಯಾವ ಸ್ಪೀಡಲ್ಲಿ ಕೇಳ್ತಿದ್ದೆ?’

ಒಂದೂಕಾಲು, ಅಂದೆ.

ನಕ್ಕ. ‘ಒಂದೂಕಾಲರಲ್ಲಿ ಅಳು ಕೇಳಿಸ್ತಾ ನಿಂಗೆ!’

ಅವನು ಕೇಳುವುದು ಮೂರು ಪಟ್ಟಿನಲ್ಲಿ, ಅದೂ ಕಂಪ್ಯೂಟರಿನ ಚಪ್ಪಟೆ ದನಿಯಲ್ಲಿ. ನಾನು ಒಮ್ಮೆ ಕಿವಿ ಕೊಟ್ಟಾಗ ಸೋರೆಬುರುಡೆಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳಿಸಿತ್ತು. ಅವನಿಗೆ ಅದು ನೀರು ಕುಡಿದಷ್ಟು ಸಲೀಸು, ವರ್ಷಗಳ ಅಭ್ಯಾಸ. ನಟನೆಯ ಓದು ಅವನಿಗೆ ಸೇರುವುದಿಲ್ಲ. ಯಾವ ವಾಕ್ಯಕ್ಕೆ ಮರುಗಬೇಕು ಅಂತ ಇನ್ನೊಬ್ಬ ಮೊದಲೇ ತೀರ್ಮಾನ ಮಾಡಿ ತಂದರೆ ತಾನು ಓದುವುದೇನು ಉಳಿಯಿತು ಅನ್ನುತ್ತಾನೆ. ‘ನಿಂಗೆ ಅಜ್ಜಿ ಬೇಕು, ನಂಗೆ ಪುಸ್ತಕ ಬೇಕು. ಅಷ್ಟೇ ವ್ಯತ್ಯಾಸ.’

ಈ ಮಾತು ನನ್ನನ್ನು ಕುಟುಕುವುದಕ್ಕೆ ಇನ್ನೊಂದು ಕಾರಣವಿದೆ. ಈ ಇಡೀ ವಸ್ತುವೇ ಮೂಲತಃ ಅವನಂಥವರಿಗಾಗಿ ಬಂದದ್ದು, ನನಗಾಗಿ ಅಲ್ಲ. ಎಡಿಸನ್ 1877ರಲ್ಲಿ ದನಿ ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫ್ ಯಂತ್ರ ಮಾಡಿ, ಮರುವರ್ಷ ಅದರಿಂದ ಏನೇನು ಆಗಬಹುದು ಅಂತ ಪಟ್ಟಿ ಬರೆದಾಗ ಅದರಲ್ಲಿ ಕಣ್ಣು ಕಾಣದವರಿಗೆ ಓದಿ ಹೇಳುವ ಪುಸ್ತಕವೂ ಇತ್ತು. ಆಗಿನ ತಗಡಿನ ಹಾಳೆಯಲ್ಲಿ ಪುಸ್ತಕ ಹಾಗಿರಲಿ, ಒಂದು ಪುಟ ಹಿಡಿಸುವುದೂ ಕಷ್ಟವಿತ್ತು. ಅದು ನಿಜವಾಗಲು 1930ರ ದಶಕ ಬರಬೇಕಾಯಿತು. ಅಮೆರಿಕದಲ್ಲಿ ಒಂದು ಬದಿಗೆ 15 ನಿಮಿಷ ಓಡುವ ಗ್ರಾಮಫೋನ್ ತಟ್ಟೆಗಳು, 1935ರಲ್ಲಿ ಬ್ರಿಟನ್ನಿನಲ್ಲಿ ಒಂದು ಬದಿಗೆ 25 ನಿಮಿಷದವು. ಬ್ರಿಟನ್ನಿನವನ್ನು ಕೇಳಿದವರಲ್ಲಿ ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿದ್ದರು. ಒಂದು ಕಾದಂಬರಿ ಅಂದರೆ ತಟ್ಟೆಗಳ ಒಂದು ಕಟ್ಟು. 25 ನಿಮಿಷಕ್ಕೊಮ್ಮೆ ಎದ್ದು ತಿರುಗಿಸಿ ಹಾಕಬೇಕು. ಪಾತ್ರೆ ತೊಳೆಯುತ್ತಾ ಕೇಳುವ ನಾನು ಈ ಮನೆಗೆ ಬಹಳ ತಡವಾಗಿ ಬಂದ ನೆಂಟ. ಬಂದ ಮೇಲೆ ಇಲ್ಲಿನ ಅಡುಗೆ ಸರಿಯಿಲ್ಲ ಅನ್ನುತ್ತಿದ್ದೇನೆ.

ಆದರೂ ಬಿಡಲಿಲ್ಲ. ಬುಧವಾರ ವೇಗವನ್ನು ಒಂದಕ್ಕೆ ಇಳಿಸಿ ಕೇಳಿದೆ. 13 ಸೆಕೆಂಡು 16 ಆಯಿತು. ವೇಗ ಹೆಚ್ಚಿಸಿದಾಗ ದನಿ ಕೀಚಲಾಗದ ಹಾಗೆ ಆ್ಯಪ್ ನೋಡಿಕೊಳ್ಳುತ್ತದೆ, ದನಿಯನ್ನು ಚೂರು ಚೂರು ಮಾಡಿ ಒಂದರ ಮೇಲೊಂದು ಹೊಂದಿಸುತ್ತದೆ. ಆದರೆ ಮೌನವೂ ಮಾತಿನ ಲೆಕ್ಕದಲ್ಲೇ ಕುಗ್ಗುತ್ತದೆ. ಮೌನ ಬಂದರೆ ಜಿಗಿದುಬಿಡುವ ಇನ್ನೊಂದು ಗುಂಡಿಯೂ ಇದೆ. ಅದನ್ನು ಒತ್ತಿದ್ದರೆ ‘ಎತ್ತಿಕೊಂಡು’ ಅಂದ ಮರುಕ್ಷಣವೇ ಕೆಮ್ಮು ಬಂದು, ನಾನೂ ಕಫ ಅಂತಲೇ ಅನ್ನುತ್ತಿದ್ದೆನೇನೋ. ಸಹಜ ವೇಗದಲ್ಲಿ ಆ ಮೌನ ಉದ್ದ. ಅದರೊಳಗೆ ಏನೋ ಇದೆ. ಉಸಿರು ಒಳಗೆ ಹೋಗುವುದು ಕೇಳುತ್ತದೆ, ಹೊರಗೆ ಬರುವುದು ಕೇಳುವುದಿಲ್ಲ. ಗುರುವಾರ ಅರ್ಧ ವೇಗಕ್ಕೆ ಇಳಿಸಿದೆ. ಆಗ ಬಟ್ಟೆ ಸರಿದ ಸದ್ದು ಸಿಕ್ಕಿತು. ತೋಳಿನಲ್ಲಿ ಕಣ್ಣು ಒರೆಸಿಕೊಂಡದ್ದಿರಬಹುದು. ನೀರಿನ ಬಾಟಲಿಗೆ ಕೈ ಚಾಚಿದ್ದೂ ಇರಬಹುದು.

ಆ ಪೆಟ್ಟಿಗೆಯಂಥ ಕೋಣೆಯನ್ನು ನೆನೆಸಿಕೊಳ್ಳುತ್ತಾ ಕೂತೆ. ಫ್ಯಾನ್ ಹಾಕುವಂತಿಲ್ಲ, ಮೈಕಿಗೆ ಕೇಳುತ್ತದೆ. ಸದ್ದು ಮಾಡುವ ಅಂಗಿ ತೊಡುವಂತಿಲ್ಲ. ಹೊಟ್ಟೆ ಗುಡುಗುಟ್ಟಿದರೆ ಮತ್ತೆ ಓದಬೇಕು. ನಾಲಿಗೆ ಒಣಗಿ ಬಾಯಿ ಚಟಕ್ಕೆಂದರೆ ಮತ್ತೆ. ನಮ್ಮ ಕಿವಿಗೆ ಬರುವ ಒಂದು ಗಂಟೆಗೆ ಪಳಗಿದವರೂ ಎರಡು ಗಂಟೆಯಷ್ಟು ಒಳಗೆ ಕೂರಬೇಕಾಗುತ್ತದಂತೆ. ಆ ಲೆಕ್ಕದಲ್ಲಿ ಈ 14 ಗಂಟೆಗೆ ಅವರು ತೆತ್ತದ್ದು 28 ಗಂಟೆ, ಎದುರಿಗೆ ಒಂದು ನರಪಿಳ್ಳೆಯೂ ಇಲ್ಲದೆ. ಕೇಳುವವರ ಮುಖ ಕಾಣದ ಜಾಗದಲ್ಲಿ ಕೂತು ಒಬ್ಬ ಮನುಷ್ಯ ಒಂದು ಸತ್ತ ಹೆಂಗಸಿನ ಕನ್ನಡಕ ಎತ್ತಿಕೊಳ್ಳುತ್ತಾನೆ. ಸುಮ್ಮನೆ ಓದಿ ಹೋಗಲು ಆಗುತ್ತದೆಯೇ?

ಆಗುತ್ತದೆ ಅಂದ ಗೆಳೆಯ. ವೃತ್ತಿಯವರು ಮೈಕಿನ ಮುಂದೆ ಕೂರುವ ಮೊದಲೇ ಇಡೀ ಪುಸ್ತಕ ಓದಿಕೊಂಡಿರುತ್ತಾರೆ, ಕನ್ನಡಕ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ನಾನು ಅದನ್ನೇ ಹಿಡಿದುಕೊಂಡೆ: ಗೊತ್ತಿದ್ದೂ ಕಟ್ಟಿತಲ್ಲ ಗಂಟಲು, ಅದೇ ದೊಡ್ಡದು. ‘ಮೊದಲೇ ಓದಿದ್ರೂ ಓದದೇ ಇದ್ರೂ ಕಫಕ್ಕೆ ಎಲ್ಲಾ ಒಂದೇ ಕಣೋ’ ಅಂದ. ಅವನ ಜೊತೆ ವಾದ ಮಾಡಿ ಗೆದ್ದವರಿಲ್ಲ. ಬುದ್ಧಿವಂತ, ಆದರೆ ಇನ್ನೊಬ್ಬರ ಸಂತೋಷದ ಬೆಲೂನು ಕಂಡರೆ ಸೂಜಿ ಹುಡುಕುವ ಚಟ.

ಕಂಪ್ಯೂಟರ್ ದನಿಗಳು ಈಗ ಚೆನ್ನಾಗಿಯೇ ಓದುತ್ತವೆ, ಉಸಿರೆಳೆದುಕೊಂಡ ಸದ್ದನ್ನೂ ಸೇರಿಸುತ್ತವೆ. ಮುಂದೊಂದು ದಿನ ಅಳುವ ಜಾಗದಲ್ಲಿ ಹೀಗೇ ನಿಂತು ‘ಸಾರಿ’ ಅನ್ನುವುದನ್ನೂ ಕಲಿತಾವು. ಆಗ ನಾನು ಅರ್ಧ ವೇಗದಲ್ಲಿ ಕೇಳಿ ಏನು ಹುಡುಕಲಿ? ಕಫವೋ ಅಳುವೋ ಅಂತ ಜಗಳ ಆಡಬೇಕಾದರೂ ಒಂದು ಗಂಟಲು ಬೇಕಲ್ಲ. ಇದನ್ನು ಗೆಳೆಯನಿಗೆ ಹೇಳಿದಾಗ ಮಾತ್ರ ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ‘ನಂಗೆ ಮೂರು ಪಟ್ಟಲ್ಲಿ ಓದ್ಕೊಟ್ರೆ ಸಾಕು’ ಅಂದ.

ಇನ್ನು ಆ್ಯಪ್‌ನಲ್ಲಿ ‘ದೋಷ ತಿಳಿಸಿ’ ಅಂತ ಒಂದು ಗುಂಡಿ. ಮಂಗಳವಾರದಿಂದ ಅದು ನನ್ನನ್ನು ನೋಡುತ್ತಿದೆ, ನಾನು ಅದನ್ನು. ಒತ್ತಿದರೆ ಯಾರೋ ಬಂದು ಮೊದಲ ಓದನ್ನು ಕತ್ತರಿಸಿ, ಎರಡನೆಯದನ್ನು ಉಳಿಸಿ ಹೋಗುತ್ತಾರೆ. ಒತ್ತದಿದ್ದರೆ, ಬಾಗಿಲು ಹಾಕಿದೆ ಅಂದುಕೊಂಡು ಒಬ್ಬ ಮನುಷ್ಯ ಗಂಟಲು ಸರಿಮಾಡಿಕೊಂಡದ್ದನ್ನು ನಾನು ದಿನಕ್ಕೆ ಹತ್ತು ಸಲ ಕೇಳುತ್ತಾ ಇರುತ್ತೇನೆ. ಅವರಿಗೆ ಗೊತ್ತಾದರೆ ನಾಚಿಕೆಯಾಗುತ್ತದೆ. ಒಂಬತ್ತು ಗಂಟೆ ಒಂದು ಕ್ರಿಯಾಪದವನ್ನೂ ಬೀಳಿಸದವರು ಅವರು; ಬಿದ್ದ ಒಂದನ್ನೇ ನಾನು ಎತ್ತಿಟ್ಟುಕೊಂಡಿದ್ದೇನೆ. ಅವರ ಕಡೆಯಿಂದ ನೋಡಿದರೆ ಒತ್ತುವುದೇ ಮರ್ಯಾದೆ. ಬೆರಳು ಎರಡು ಸಲ ಅಲ್ಲಿತನಕ ಹೋಗಿ ಬಂತು.

ಶುಕ್ರವಾರ ಹಟ ಬಿಟ್ಟು ಮುಂದೆ ಕೇಳಿದೆ. ಕಾದಂಬರಿ ಮುಗಿಸಬೇಕಲ್ಲ. ಹದಿನೆಂಟರಲ್ಲಿ ಮುದುಕ ಮಗಳ ಮನೆಗೆ ಹೋದ. ಹತ್ತೊಂಬತ್ತರಲ್ಲಿ ಮಳೆ, ಓದು ಎಂದಿನ ಹಾಗೆ ಚೆಂದ. ಇಪ್ಪತ್ತನೇ ಅಧ್ಯಾಯ ಶುರುವಾಗಿ ಎರಡು ನಿಮಿಷಕ್ಕೆ ಏನೋ ಬೇರೆ ಅನ್ನಿಸಿ ವೇಗ ಇಳಿಸಿದೆ. ‘ಮನೆ’ಯ ಮ ಬ ಆಗಿತ್ತು. ‘ಅಮ್ಮ’ ಅನ್ನುವುದು ‘ಅಬ್ಬ’ ಅಂತ ಬರುತ್ತಿತ್ತು. ಮೂಗು ಪೂರ್ತಿ ಕಟ್ಟಿದೆ, ಪಾಪ. ಒಳ್ಳೇ ಶೀತ.

ಗೆಳೆಯನಿಗೆ ಇದನ್ನು ಇನ್ನೂ ಹೇಳಿಲ್ಲ.