ಹಾಜರಿ ಮುಚ್ಚುವ ದಿನ ನೋಡಬೇಕಾದ ರಜೆಯ ಲೆಕ್ಕ

ಸರ್ಕಾರಿ ರಜೆ ಇರುವ ತಿಂಗಳಲ್ಲಿ ಹಾಜರಿ ಮುಚ್ಚುವ ದಿನ, ಅಂದರೆ ಸಂಬಳಕ್ಕಾಗಿ ಹಾಜರಿ ಪಟ್ಟಿ ಅಂತಿಮಗೊಳಿಸುವ ದಿನ, ಸಂಬಳ ವಿಭಾಗದವರಿಗೆ ತಕರಾರುಗಳ ದಿನ. ಹೆಚ್ಚಿನ ತಕರಾರು ಹುಟ್ಟುವುದು ಕಾನೂನಿನ ವ್ಯಾಖ್ಯಾನದಿಂದಲ್ಲ, ಹಾಜರಿ ಪಟ್ಟಿಯ ಒಂದು ಅಕ್ಷರದಿಂದ. ಬೆರಳಚ್ಚು ಬೀಳದ ದಿನವನ್ನೆಲ್ಲ ಬಯೋಮೆಟ್ರಿಕ್ ಯಂತ್ರ ಗೈರು ಎಂದೇ ದಾಖಲಿಸುತ್ತದೆ. ಸಾಫ್ಟ್‌ವೇರಿನಲ್ಲಿ ರಜೆಯ ಪಟ್ಟಿ ತುಂಬಿರದಿದ್ದರೆ ನವೆಂಬರ್ 1ರ ಎದುರು ‘ಎಚ್’ (ರಜೆ) ಬರಬೇಕಾದಲ್ಲಿ ‘ಎ’ (ಗೈರು) ಬಂದು, ಒಂದು ದಿನದ ಸಂಬಳ ಸದ್ದಿಲ್ಲದೆ ಕಡಿತವಾಗುತ್ತದೆ. ಅದೇ ತಿಂಗಳು ಸೇರಿದವರು, ಬೇರೆ ಶಾಖೆಯಿಂದ ವರ್ಗವಾಗಿ ಬಂದವರು ಮತ್ತು ಶಿಫ್ಟಿನವರು ಇದಕ್ಕೆ ಹೆಚ್ಚು ಸಿಕ್ಕಿಕೊಳ್ಳುತ್ತಾರೆ, ಏಕೆಂದರೆ ಅವರ ಹೆಸರಿಗೆ ರಜೆಯ ಪಟ್ಟಿಯನ್ನೇ ಜೋಡಿಸಿರುವುದಿಲ್ಲ.

ಕರ್ನಾಟಕದಲ್ಲಿ ಇದಕ್ಕೆಂದೇ 1963ರ ಕಾಯ್ದೆಯಿದೆ: ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಕಾಯ್ದೆ. ಹೆಸರಲ್ಲಿ ‘ಕೈಗಾರಿಕಾ’ ಎಂದಿದ್ದರೂ ಕಾರ್ಖಾನೆಗಳ ಜೊತೆಗೆ ಅಂಗಡಿ, ವಾಣಿಜ್ಯ ಕಚೇರಿಗಳಿಗೂ ಅನ್ವಯಿಸುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬ. ಈ ಹತ್ತು ದಿನಕ್ಕೂ ಸಂಬಳ ಸಹಿತ ರಜೆ. ಸರ್ಕಾರಿ ಕ್ಯಾಲೆಂಡರಿನ ಉದ್ದನೆಯ ಪಟ್ಟಿ ಹಿಡಿದು ಅಷ್ಟೂ ರಜೆ ಕೇಳಲು ಬರುವವರಿದ್ದಾರೆ. ಆ ಪಟ್ಟಿ ಖಾಸಗಿ ಸಂಸ್ಥೆಗೆ ತಾನಾಗಿ ಅನ್ವಯಿಸುವುದಿಲ್ಲ.

ಐದು ಹಬ್ಬ ಆರಿಸುವಾಗ ಪಂಚಾಂಗ ನೋಡದಿದ್ದರೆ ರಜೆ ಕೈತಪ್ಪುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂತು. ಅದನ್ನು ಐದರಲ್ಲಿ ಒಂದಾಗಿ ಎಣಿಸಿದ ಕಡೆಗಳಲ್ಲಿ ಗಾಂಧಿ ಜಯಂತಿ ಮತ್ತು ಹಬ್ಬ ಎರಡೂ ಸೇರಿ ಸಿಕ್ಕಿದ್ದು ಒಂದೇ ದಿನ. ಪಟ್ಟಿ ಅಂತಿಮವಾಗುವ ಮುನ್ನ, ಡಿಸೆಂಬರಿನಲ್ಲೇ, ಭಾನುವಾರಕ್ಕೋ ರಾಷ್ಟ್ರೀಯ ರಜೆಗೋ ಬೀಳುವ ಹಬ್ಬ ಬಿಟ್ಟು ಬೇರೊಂದು ಕೇಳಬೇಕು. ಆಮೇಲೆ ಕೇಳಿದರೆ ಸಿಗುವುದು ಕಷ್ಟ.

ರಜೆಯ ದಿನ ಕೆಲಸಕ್ಕೆ ಕರೆಸಿಕೊಂಡರೆ ಎರಡು ದಾರಿ: ಎರಡು ಪಟ್ಟು ವೇತನ, ಇಲ್ಲವೇ ಆ ದಿನದ ವೇತನದ ಜೊತೆಗೆ ಸಂಬಳ ಸಹಿತ ಬದಲಿ ರಜೆ. ಯಾವುದು ಬೇಕೆಂದು ಆರಿಸುವ ಹಕ್ಕು ನೌಕರನದು. ‘ಎಲ್ಲರಿಗೂ ಕಾಂಪ್ ಆಫ್ (ಬದಲಿ ರಜೆ) ಕೊಟ್ಟಿದ್ದೇವೆ’ ಎಂದು ಹೇಳಿ ಮುಗಿಸುವುದು ಈ ಕಾರಣಕ್ಕೆ ತಪ್ಪು. ಆ ಕಾಂಪ್ ಆಫ್ ಮೂವತ್ತು ದಿನದಲ್ಲಿ ರದ್ದಾಗುವಂತೆ ಸಾಫ್ಟ್‌ವೇರಿನಲ್ಲಿ ಹಾಕಿಟ್ಟಿದ್ದರೆ ಇನ್ನೂ ಅನ್ಯಾಯ. ಆಯ್ಕೆಯನ್ನು ಕೆಲಸ ಮಾಡಿದ ವಾರದಲ್ಲೇ ಇಮೇಲ್ ಮೂಲಕ ತಿಳಿಸಿ, ಮೇಲಧಿಕಾರಿ ಕರೆಸಿದ ಸಂದೇಶವನ್ನೂ ಅದಕ್ಕೆ ಸೇರಿಸಿ.

ತಿಂಗಳ ಸಂಬಳದವರು ಲೆಕ್ಕವನ್ನು ಹೀಗೆ ನೋಡಬೇಕು. ಸಂಬಳ ₹26,000, ಭಾಗಿಸುವ ದಿನ 26 ಎಂದಾದರೆ ದಿನಕ್ಕೆ ₹1,000. ರಜೆಯ ದಿನದ ಒಂದು ಪಾಲು ತಿಂಗಳ ಸಂಬಳದಲ್ಲೇ ಸೇರಿದೆ. ಆದ್ದರಿಂದ ಎರಡು ಪಟ್ಟು ಎಂದರೆ ಮೇಲೆ ಇನ್ನೊಂದು ₹1,000, ಒಟ್ಟು ₹27,000. ಇದು ಪೇ ಸ್ಲಿಪ್ಪಿನಲ್ಲಿ ಪ್ರತ್ಯೇಕ ಸಾಲಾಗಿ ಕಾಣಬೇಕು. ಕೆಲವೆಡೆ ಗೈರಿಗೆ ಕಡಿಯುವಾಗ 26ರಿಂದ, ಹೆಚ್ಚುವರಿ ಕೊಡುವಾಗ 30ರಿಂದ ಭಾಗಿಸುತ್ತಾರೆ. ಕಡಿತ ₹1,000, ಕೊಡುವುದು ಸುಮಾರು ₹867. ಎರಡಕ್ಕೂ ಒಂದೇ ಭಾಜಕ ಇರಲೇಬೇಕು. ಹಳೆಯ ಸ್ಲಿಪ್ಪು ಪಕ್ಕಕ್ಕಿಟ್ಟು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

‘ಸ್ಯಾಂಡ್‌ವಿಚ್’ ಕಡಿತ, ಅಂದರೆ ಎರಡು ಗೈರಿನ ನಡುವೆ ಸಿಕ್ಕ ರಜೆಗಳನ್ನೂ ಗೈರೆಂದೇ ಎಣಿಸುವುದು, ಇನ್ನೂ ದುಬಾರಿ. 2025ರ ಆಗಸ್ಟ್ 15 ಶುಕ್ರವಾರ. ವಾರಕ್ಕೆ ಐದು ದಿನ ಕೆಲಸವಿರುವ ಕಚೇರಿಯಲ್ಲಿ ಒಬ್ಬರು 14ಕ್ಕೂ 18ಕ್ಕೂ ಗೈರಾದರೆ, ನಡುವಿನ ಶುಕ್ರ, ಶನಿ, ಭಾನುವಾರವೂ ಸೇರಿ ಐದು ದಿನದ ಸಂಬಳ ಹೋಗುತ್ತದೆ. ಇದು ಕಂಪನಿ ಮಾಡಿಕೊಂಡ ರಜಾ ನಿಯಮ. ಅದರ ಬರಹದ ಪ್ರತಿ ಕೇಳಿ, ರಾಷ್ಟ್ರೀಯ ರಜೆಯನ್ನೂ ಅದರಲ್ಲಿ ಸೇರಿಸಿದ್ದು ಏಕೆಂದು ಪ್ರಶ್ನಿಸಿ.

ಮತದಾನದ ದಿನ ಬೇರೆ ಬಾಬ್ತು. ಪ್ರಜಾಪ್ರತಿನಿಧಿ ಕಾಯ್ದೆ, 1951ರ 135ಬಿ ಕಲಂ ಪ್ರಕಾರ ಮತದಾರನಾಗಿರುವ ನೌಕರನಿಗೆ ಅಂದು ಸಂಬಳ ಸಹಿತ ರಜೆ, ದಿನಗೂಲಿಯವರಿಗೂ ಸಹ.

ಗುತ್ತಿಗೆಯ ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್ ನೌಕರರಿಗೆ ಈ ಹಣ ತಪ್ಪುವುದು ಹೆಚ್ಚು, ಅವರು ಕೇಳುವುದೂ ಕಡಿಮೆ. ಗುತ್ತಿಗೆದಾರ ವೇತನ ಕೊಡದಿದ್ದರೆ ಕೊಡುವ ಹೊಣೆ ಅವರಿಂದ ಕೆಲಸ ಮಾಡಿಸಿಕೊಳ್ಳುವ ಮೂಲ ಸಂಸ್ಥೆಯದು. ಹಾಗಾಗಿ ಗುತ್ತಿಗೆದಾರನ ಬಿಲ್ ಪಾಸು ಮಾಡುವವರು ರಜೆಯ ದಿನ ಗೇಟಿನ ಪುಸ್ತಕದಲ್ಲಿರುವ ಹೆಸರುಗಳನ್ನು ವೇತನ ಪಟ್ಟಿಯೊಂದಿಗೆ ತಾಳೆ ನೋಡಬೇಕು. ವ್ಯತ್ಯಾಸ ಕಂಡರೆ ಬಿಲ್ ತಡೆಹಿಡಿಯಬೇಕು.