ಹದಿನೇಳು ಮೆಟ್ಟಿಲುಗಳ ತನಿಖೆ

ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ 237 ಮತ್ತು 241ನೇ ಸಂಖ್ಯೆಯ ಕಟ್ಟಡಗಳ ನಡುವೆ ಇರುವ ಮನೆಯ ಬಾಗಿಲಿನ ಮೇಲೆ 221ಬಿ ಎಂದು ಬರೆದಿದೆ. ಅದನ್ನು ಗಮನಿಸಿದ್ದು ನನ್ನ ಹತ್ತು ವರ್ಷದ ಮಗಳು. ಅದು ಕಥೆಗಳಲ್ಲಿನ ಪತ್ತೇದಾರ ಷರ್ಲಾಕ್ ಹೋಮ್ಸನ ವಿಳಾಸ. ಅವನ ಹೆಸರಿನ ಈ ವಸ್ತುಸಂಗ್ರಹಾಲಯದ ಮುಂದೆ ಹಳೆಯ ಕಾಲದ ಪೊಲೀಸ್ ವೇಷದವನೊಬ್ಬ ಬಾಗಿಲು ಕಾಯುತ್ತಿದ್ದ. ಸರದಿಯಲ್ಲಿ ನಿಂತಿದ್ದವಳು ನನ್ನ ತೋಳು ಎಳೆದು, "ಅಮ್ಮ, ಈ ನಂಬರು ಇಲ್ಲಿ ಬರಲು ಸಾಧ್ಯವೇ ಇಲ್ಲ" ಎಂದಳು. ದನಿಯಲ್ಲಿ ಕಳ್ಳಮಾಲು ಪತ್ತೆಯಾದ ಸಡಗರ.

ಅವಳು ಹೇಳಿದ್ದು ಸರಿಯೇ. ಕಾನನ್ ಡಾಯ್ಲ್ 1887ರಲ್ಲಿ ಹೋಮ್ಸನ ಮೊದಲ ಕಥೆ ಪ್ರಕಟಿಸಿದಾಗ ಈ ಬೀದಿಯ ಮನೆಗಳ ಸಂಖ್ಯೆ 221ರವರೆಗೆ ಹೋಗಿರಲೇ ಇಲ್ಲ. ಮುಂದೆ ಬೀದಿ ಬೆಳೆದು, 1930ರ ದಶಕದಲ್ಲಿ ಆ ಸಂಖ್ಯೆಯ ಜಾಗ ನಂತರ ಅಬ್ಬೆ ನ್ಯಾಷನಲ್ ಎನಿಸಿಕೊಂಡ ಗೃಹಸಾಲ ಸಂಸ್ಥೆಯ ಕಚೇರಿಗೆ ಸೇರಿತು. ಹೋಮ್ಸನ ಹೆಸರಿಗೆ ಲೋಕದ ಮೂಲೆಮೂಲೆಗಳಿಂದ ಬರುತ್ತಿದ್ದ ಪತ್ರಗಳಿಗೆ ಉತ್ತರ ಬರೆಯಲು ಆ ಸಂಸ್ಥೆ ಒಬ್ಬರನ್ನು ನೇಮಿಸಿಯೇ ಇತ್ತು. ವಸ್ತುಸಂಗ್ರಹಾಲಯ ಬಂದದ್ದು 1990ರಲ್ಲಿ. ಇದನ್ನೆಲ್ಲ ಹೇಳಿದರೆ ಮಗುವಿಗೆ ನಿರಾಸೆಯಾದೀತೆಂದು ನಾನು ಅಳುಕಿದ್ದೆ; ಅವಳೋ "ಹಾಗಾದರೆ ಇಡೀ ಮನೆಯೇ ಸುಳ್ಳು ಸಾಕ್ಷಿ!" ಎಂದು ಕುಣಿದಳು.

ಈ ಹುಚ್ಚು ಅಂಟಿದ್ದು ನನ್ನ ಅಪ್ಪನಿಂದ. ಶಿವಮೊಗ್ಗದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು, ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓದಿದವರು ಅವರು. ರಜೆಗೆ ಊರಿಗೆ ಹೋದಾಗಲೆಲ್ಲ ಮೊಮ್ಮಗಳಿಗೆ ಪತ್ತೇದಾರ ಪುರುಷೋತ್ತಮನ ಕಥೆ ಹೇಳುತ್ತಾರೆ; ಕೊಲೆಗಾರ ಯಾರೆಂಬುದನ್ನು ಮಾತ್ರ ಮರುದಿನಕ್ಕೆ ಉಳಿಸುತ್ತಾರೆ. ಅವಳಿಗೆ ಆ ರಾತ್ರಿ ನಿದ್ದೆಯಿಲ್ಲ, ನನಗೂ ಇಲ್ಲ.

ಒಳಗೆ ಹೋದ ಕೂಡಲೇ ಅವಳು ಮಾಡಿದ ಕೆಲಸ ಮೆಟ್ಟಿಲು ಎಣಿಸಿದ್ದು. ಒಂದು ಕಥೆಯಲ್ಲಿ ಹೋಮ್ಸ್ ತನ್ನ ಗೆಳೆಯ ವಾಟ್ಸನ್ನನಿಗೆ, ನಿತ್ಯ ಹತ್ತುವ ಈ ಮೆಟ್ಟಿಲು ಎಷ್ಟಿವೆ ಹೇಳು ನೋಡೋಣ ಎನ್ನುತ್ತಾನೆ. ಪಾಪ ವಾಟ್ಸನ್ನನಿಗೆ ಗೊತ್ತಿಲ್ಲ. ಉತ್ತರ ಹದಿನೇಳು. ಕಿರಿದಾದ ಮರದ ಮೆಟ್ಟಿಲು, ಹಿಂದೆ ಒತ್ತಿಕೊಂಡು ಬರುವ ಜನ, ಒಂದೊಂದಕ್ಕೂ ಕಾಲೂರಿ ತುಟಿಯಲ್ಲೇ ಎಣಿಸುವ ಇವಳು. ಮೇಲೆ ತಲುಪಿ "ಹದಿನೇಳು" ಎಂದು ಘೋಷಿಸಿದಾಗ ಹಿಂದಿದ್ದ ಅಜ್ಜಯ್ಯನೊಬ್ಬರು ಚಪ್ಪಾಳೆ ತಟ್ಟಿದರು. ಭಾಷೆ ಬೇರೆಯಾದರೂ ಲೆಕ್ಕ ಅರ್ಥವಾಗಿರಬೇಕು.

ಬೀದಿಗೆ ಮುಖ ಮಾಡಿದ ಓದುಕೋಣೆ ನಿಜಕ್ಕೂ ಚೆನ್ನಾಗಿದೆ. ಅಗ್ಗಿಷ್ಟಿಕೆಯ ಎದುರು ಎರಡು ಕುರ್ಚಿ, ಪಿಟೀಲು, ಬಣ್ಣಬಣ್ಣದ ದ್ರಾವಣದ ಬಾಟಲಿಗಳು. ಗೋಡೆಯಲ್ಲಿ ಗುಂಡಿನ ತೂತುಗಳಿಂದ ಮೂಡಿದ 'ವಿ.ಆರ್.' ಎಂಬ ಅಕ್ಷರಗಳು. ವಿಕ್ಟೋರಿಯಾ ರಾಣಿಗೆ ಹೋಮ್ಸ್ ಮನೆಯೊಳಗೇ ಕುಳಿತು ಸಲ್ಲಿಸಿದ ಗೌರವ. ಮನೆಯೊಡತಿ ಹಡ್ಸನ್ ಅಮ್ಮನ ತಾಳ್ಮೆಗೆ ಒಂದು ಪ್ರತಿಮೆ ನಿಲ್ಲಿಸಬೇಕಿತ್ತು ಎಂದು ನನಗನ್ನಿಸಿತು. ಮಗಳು ಮಾತ್ರ ಪ್ರತಿ ವಸ್ತುವಿನ ಮುಂದೆಯೂ ನಿಂತು, ಇದು ಯಾವ ಕಥೆಯಲ್ಲಿದೆ, ಇದು ಯಾವುದರಲ್ಲೂ ಇಲ್ಲ ಎಂದು ಪಂಚನಾಮೆ ನಡೆಸುತ್ತಿದ್ದಳು. ಅವಳಿಗೆ ಬೇಕಾದದ್ದು ಹೋಮ್ಸ್ ಅಲ್ಲ, ಹೋಮ್ಸನಿಗೆ ಸಿಕ್ಕ ಅಧಿಕಾರ ಎಂದು ನನಗೆ ಹೊಳೆದದ್ದು ಆಗ. ದೊಡ್ಡವರು ಹೇಳಿದ್ದನ್ನು ಒರೆಗೆ ಹಚ್ಚಿ ನೋಡಬಹುದು, ಯಾರೂ ಗದರುವುದಿಲ್ಲ. ಗದರುವುದಿರಲಿ, ಶಹಬ್ಬಾಸ್ ಎನ್ನುತ್ತಾರೆ. ಹತ್ತು ವರ್ಷದ ಮಗುವಿಗೆ ಇದಕ್ಕಿಂತ ದೊಡ್ಡ ಸ್ವಾತಂತ್ರ್ಯ ಬೇರೇನಿದೆ?

ಮೇಲಿನ ಮಹಡಿಗಳಲ್ಲಿ ಕಥೆಗಳ ಪಾತ್ರಗಳು ಮೇಣದ ಬೊಂಬೆಗಳಾಗಿ ನಿಂತಿವೆ. ನನಗೆ ಮೇಣದ ಬೊಂಬೆ ಆಗಿಬರುವುದಿಲ್ಲ, ಬೇಗ ಇಳಿದುಬಂದೆ. ಅಂಗಡಿಯಲ್ಲಿ ಹೋಮ್ಸ್ ಟೋಪಿ ಕೊಡಿಸುತ್ತೇನೆ ಎಂದರೆ ಬೇಡವಂತೆ. ಡೀರ್‌ಸ್ಟಾಕರ್ ಎಂಬ ಆ ಟೋಪಿಯ ಹೆಸರನ್ನು ಡಾಯ್ಲ್ ಕಥೆಗಳಲ್ಲಿ ಎಲ್ಲೂ ಬರೆದಿಲ್ಲ, ಅದನ್ನು ತೊಡಿಸಿದ್ದು ಚಿತ್ರ ಬರೆದ ಸಿಡ್ನಿ ಪ್ಯಾಜೆಟ್ ಎಂದು ಪಾಠ ಹೇಳಿದಳು. ಭೂತಗನ್ನಡಿ ಕೊಂಡಳು.

ರೆಡಿಂಗಿಗೆ ಮರಳುವ ರೈಲಿನಲ್ಲಿ ಊರಿಗೆ ಫೋನು ಮಾಡಿದೆವು. "ಅಲ್ಲಿ ಯಾರು ವಾಸವಾಗಿದ್ದರು ಪುಟ್ಟಿ?" ಎಂದರು ಅಮ್ಮ. "ಹೋಮ್ಸ್ ಅಂತೂ ಇರಲಿಲ್ಲ ಅಜ್ಜಿ." "ಮತ್ತೆ ದುಡ್ಡು ಯಾಕೆ ಕೊಟ್ಟಿರಿ?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಗಳು ಆಗಲೇ ಮುಂದಿನ ಪ್ರಕರಣಕ್ಕೆ ಹೋಗಿದ್ದಳು. ಡಾಯ್ಲ್ ಒಂದು ಕಥೆಯಲ್ಲಿ ಭಾರತದ ಹಾವಿಗೆ ಹಾಲು ಕುಡಿಸಿ, ಸಿಳ್ಳೆ ಹೊಡೆದು ಕರೆಸಿದ್ದಾರೆ. ಹಾವು ಹಾಲು ಬಯಸುವ ಪ್ರಾಣಿಯೇ ಅಲ್ಲ, ಗಾಳಿಯಲ್ಲಿ ಬರುವ ಸಿಳ್ಳೆ ಅದಕ್ಕೆ ಸರಿಯಾಗಿ ಕೇಳಿಸುವುದೂ ಇಲ್ಲ ಎಂದು ಅಜ್ಜಿಗೆ ವಿವರಿಸಿದಳು.

"ಹಾಗಾದರೆ ನಾಗರಪಂಚಮಿಗೆ ನಾನು ಹುತ್ತಕ್ಕೆ ಎರೆಯುವ ಹಾಲು ಎಲ್ಲಿಗೆ ಹೋಗುತ್ತದೆ?"

"ಅಲ್ಲಿಗೆ ಬಂದಾಗ ನೋಡುತ್ತೇನೆ ಅಜ್ಜಿ. ಅಲ್ಲಿಯವರೆಗೆ ಹುತ್ತದ ಸುತ್ತ ಯಾರೂ ಗುಡಿಸಬೇಡಿ."