ಮೀನು ಕಚ್ಚದ ದಿನ ಗೈಡ್‌ಗೆ ಕೆಲಸ ಜಾಸ್ತಿ

ಕಡಲ ಬಂಡೆಗಳ ಮೇಲೆ ಗಾಳ ಹಾಕಲು ಬರುವವರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಮೀನು ಮೇಲಿಂದ ಮೇಲೆ ಬೀಳುವ ದಿನ ನನಗೆ ಹೆಚ್ಚೇನೂ ಕೆಲಸ ಇರುವುದಿಲ್ಲ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಖುಷಿಯಾಗಿರುತ್ತಾರೆ. ಕೊರೆಯುವ ಚಳಿ, ಬೆಳಗಿನಿಂದ ಒಂದು ಮೀನೂ ಇಲ್ಲ, ಇಂಥ ದಿನ ನೋಡಿ ನನ್ನ ಡ್ಯೂಟಿ ಶುರುವಾಗುವುದು.

ಬೇಜಾರು ಬಂದವರು ಸುಮ್ನೆ ನಿಲ್ಲುವುದಿಲ್ಲ, ಕೆಳಗಿಳಿಯುತ್ತಾರೆ. “ಇನ್ನೊಂದು ಬಂಡೆ ಇಳಿದ್ರೆ ಆಳ ಸಿಗುತ್ತೆ ಅಲ್ವಾ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಳವೇನೋ ಸಿಗುತ್ತದೆ. ಆದರೆ ಆ ಬಂಡೆ ಕಪ್ಪಗೆ ಒದ್ದೆಯಾಗಿದ್ದು, ಪಾಚಿ ಹಿಡಿದಿದ್ದರೆ ಅಲೆ ಅಲ್ಲಿಯವರೆಗೆ ಬಂದುಹೋಗುತ್ತಿದೆ ಎಂದೇ ಲೆಕ್ಕ. ದೂರದ ಬಿರುಗಾಳಿಯಿಂದ ಎದ್ದ ಅಲೆಗಳು ಹನ್ನೆರಡು, ಹದಿನೈದು ಸೆಕೆಂಡಿಗೊಂದರಂತೆ ಬರುತ್ತವೆ. ಎಷ್ಟೋ ಹೊತ್ತು ಸಮುದ್ರ ಸಾಧುವಾಗಿ ಕಾಣುತ್ತದೆ, ಆಮೇಲೆ ದೊಡ್ಡವು ಮೂರ್ನಾಲ್ಕು ಒಂದರ ಹಿಂದೊಂದು ಏರಿ ಬರುತ್ತವೆ. ಅದಕ್ಕೇ ಯಾರನ್ನಾದರೂ ಇಳಿಸುವ ಮೊದಲು 20 ನಿಮಿಷವಾದರೂ ಮೇಲೆ ನಿಂತು ನೀರು ನೋಡುತ್ತೇನೆ. ಟೈಮ್ ವೇಸ್ಟ್ ಅನ್ನಿಸಿದರೆ ಅನ್ನಿಸಲಿ.

ಲೈಫ್ ಜಾಕೆಟ್ ವಿಷಯದಲ್ಲೂ ಚೌಕಾಸಿ ಇಲ್ಲ. ಈಜು ಬರುತ್ತದೆ ಎನ್ನುವವರ ಜೊತೆ ನಾನು ವಾದಕ್ಕೇ ಇಳಿಯುವುದಿಲ್ಲ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಬಿದ್ದ ಕೂಡಲೇ ನಮಗರಿವಿಲ್ಲದೆ ಉಸಿರು ಒಳಗೆ ಎಳೆದುಕೊಳ್ಳುತ್ತೇವೆ. ಆ ಹೊತ್ತಿಗೆ ತಲೆ ನೀರಿನ ಮೇಲಿರಬೇಕು. ನೀರು ಇನ್ನೂ ತಣ್ಣಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕೈ ಮಾತು ಕೇಳುವುದಿಲ್ಲ.

ಇನ್ನು ಮೀನಿನ ವಿಷಯ. ಹೆಚ್ಚಿನ ಮೀನುಗಳ ಮೈಬಿಸಿ ಸುತ್ತಲಿನ ನೀರಿನಷ್ಟೇ. ನೀರು ತಣ್ಣಗಾದಂತೆ ತಿಂದದ್ದು ಅರಗುವುದು ನಿಧಾನ, ಹಸಿವೂ ಕಡಿಮೆ. ಎರೆಯ ಹಿಂದೆ ಓಡಿಬರುವ ಉತ್ಸಾಹ ಇರುವುದಿಲ್ಲ, ಬಾಯಿಯ ಹತ್ತಿರವೇ ಬಂದರೆ ಮೂಸಿ ನೋಡುತ್ತವೆ. ಹಾಗಾಗಿ ಗಾಳ ಒಂದು ಸೈಜ್ ಚಿಕ್ಕದು, ಎರೆ ತೆಳ್ಳಗಿನ ಪಟ್ಟಿ, ಎಳೆಯುವುದು ತೀರಾ ನಿಧಾನ.

ಚಳಿಯಲ್ಲಿ ಮೀನು ಕಚ್ಚಿದ್ದು ಗೊತ್ತಾಗುವುದೇ ಕಷ್ಟ. ಹೊಸಬರು ರಾಡಿನ ತುದಿ ಜಗ್ಗುವುದನ್ನೇ ಕಾಯುತ್ತಿರುತ್ತಾರೆ. ಬಿಗಿಯಾಗಿದ್ದ ದಾರ ಇದ್ದಕ್ಕಿದ್ದಂತೆ ಸಡಿಲವಾಗಿ, ಬಾಗಿದ್ದ ತುದಿ ಬೆರಳಗಲ ಮೇಲೆದ್ದಿತು ಅನ್ನಿ, ಮೀನು ಎರೆಯನ್ನು ಬಾಯಲ್ಲಿ ಹಿಡಿದು ನಮ್ಮ ಕಡೆಗೇ ಬಂದಿರಬಹುದು. ತೋರುಬೆರಳು ದಾರದ ಮೇಲಿದ್ದರೆ ಇದು ತಿಳಿಯುತ್ತದೆ. ದಪ್ಪ ಗ್ಲೌಸ್ ಹಾಕಿದವರಿಗೆ ತಿಳಿಯುವುದಿಲ್ಲ. ಬೆರಳ ತುದಿ ತೆರೆದಿರುವ ಉಣ್ಣೆ ಗ್ಲೌಸ್ ನನಗೆ ಇಷ್ಟ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿಗೆ ಆ ಗುಣ ಇಲ್ಲ.

ಮರಗಟ್ಟಿದ ಬೆರಳಲ್ಲಿ ಗಂಟು ಹಾಕುವುದು ನರಕ. ಗಾಳಗಳನ್ನು ಮನೆಯಲ್ಲೇ ಕಟ್ಟಿ ಫೋಮ್ ತುಂಡಿಗೆ ಸುತ್ತಿಕೊಂಡು ಬರುತ್ತೇನೆ. ಗಾಳ ಮುಳುಗಿಸುವ ಸೀಸದ ಗುಂಡನ್ನು ಬೇಕೆಂದೇ ಬೇಗ ಹರಿಯುವ ದುರ್ಬಲ ದಾರದಲ್ಲಿ ಕಟ್ಟುತ್ತೇನೆ. ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡರೆ ಗುಂಡು ಮಾತ್ರ ಹೋಗುತ್ತದೆ, ಗಾಳ ಉಳಿಯುತ್ತದೆ.

ಏನೂ ಆಗದಿದ್ದಾಗ ಎಲ್ಲವನ್ನೂ ಒಟ್ಟಿಗೆ ಬದಲಿಸುವ ಚಟ ಅನೇಕರಿಗಿದೆ. ಎರೆ, ಗಾಳ, ಜಾಗ, ಎಲ್ಲ ಒಂದೇ ಸಲ. ಆಮೇಲೆ ಮೀನು ಬಿದ್ದರೂ ಯಾವುದಕ್ಕೆ ಬಿತ್ತು ಅಂತ ಹೇಳುವುದು ಹೇಗೆ? ನಾನು ಒಂದನ್ನಷ್ಟೇ ಬದಲಿಸಿ ಅರ್ಧ ಗಂಟೆ ಕಾಯಿಸುತ್ತೇನೆ. ಬೈಗುಳ ತಿನ್ನುವುದೂ ಆಗಲೇ! ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರು ನಿಂತ ಹೊತ್ತಿನಲ್ಲಿ ಯಾವ ಪ್ರಯೋಗವೂ ಬೇಡ. ಬಿಸಿ ಏನಾದರೂ ಕುಡಿದು, ಸ್ವಲ್ಪ ಅಡ್ಡಾಡಿ ಮೈ ಬಿಸಿ ಮಾಡಿಕೊಳ್ಳಿ ಅನ್ನುತ್ತೇನೆ. ನೀರು ಮತ್ತೆ ಹರಿಯತೊಡಗಿದಾಗ ಎಲ್ಲರ ಎರೆಯೂ ಹೊಸದಾಗಿರಬೇಕು, ಅಷ್ಟೇ.

ವಾಪಸ್ ಹೊರಡುವ ಸಮಯವನ್ನು ಬೆಳಿಗ್ಗೆಯೇ ಎಲ್ಲರೆದುರು ಹೇಳಿಬಿಡುತ್ತೇನೆ. ಉಬ್ಬರ ಏರಿದರೆ ನಾವು ಬಂದ ದಾರಿಯೇ ಮುಳುಗುವ ಜಾಗಗಳಿವೆ. ಹೊರಡಲು ಐದು ನಿಮಿಷ ಇರುವಾಗ ದಿನದ ಮೊದಲ ಮೀನು ಬಿತ್ತು, “ಇನ್ನೊಂದೇ ಒಂದು ಸಲ ಹಾಕ್ತೀನಿ ಅಣ್ಣಾ” ಎಂದು ಗೋಗರೆದರೂ ರಾಡ್ ಮಡಚಿಸುತ್ತೇನೆ.